ಲೋದೋಸನ ಸೋದರತ್ತೆ

ಉಸ್ಕುದಾರ್, ಇಸ್ತಾಂಬುಲ್
೯ ಫೆಬ್ರವರಿ

ರಿಫ್ಕಿ ಬೇ ಅವರಿಗೆ,

ಮೊದಲೇ ಹೇಳಿಬಿಡುತ್ತೇನೆ, ಇದು ಮಾತಲ್ಲ, ಕಾಗದ. ನಮ್ಮ ಮಸೀದಿಯ ಇಮಾಮರನ್ನು ಕೇಳಿಯೇ ಪೆನ್ನು ಹಿಡಿದಿದ್ದೇನೆ. ಒಬ್ಬರ ಜೊತೆ ಮಾತಾಡುವುದಿಲ್ಲ ಎಂದು ಆಣೆಯಿಟ್ಟವರು ಅವರಿಗೆ ಕಾಗದ ಬರೆದರೆ ಆಣೆ ಮುರಿಯುವುದಿಲ್ಲವಂತೆ. ಮೊಬೈಲಿನಲ್ಲೇ ಬರೆದು ಕಳಿಸಬಾರದೇ ಎಂದು ನನ್ನ ಮಗಳು ಕೇಳಿದಳು. ಅದರಲ್ಲಾದರೆ ನೀವು ತಕ್ಷಣ ಉತ್ತರ ಕೊಡುತ್ತೀರಿ, ಅದಕ್ಕೆ ನಾನೊಂದು ಉತ್ತರ ಕೊಡುತ್ತೇನೆ, ಕೊನೆಗೆ ಅದು ಹರಟೆಯೇ ಆಗುತ್ತದೆ. ಅಂಚೆಯೇ ಕ್ಷೇಮ.

ವಿಷಯ ನಿಮ್ಮ ನಾಯಿಯದು. ನೀವು ಮೆಟ್ಟಿಲಿನಿಂದ ಜಾರಿ ಸೊಂಟ ಮುರಿದುಕೊಂಡು ಬುರ್ಸಾದ ಬಿಸಿನೀರಿನ ಚಿಕಿತ್ಸೆಯ ಆಸ್ಪತ್ರೆ ಸೇರಿದ ಮರುದಿನ, ನಿಮ್ಮ ಪಕ್ಕದ ಮನೆಯವರು ಅದನ್ನು ನನ್ನ ಬಾಗಿಲಿಗೆ ತಂದರು. ಹಗ್ಗವನ್ನು ನನ್ನ ಕೈಗೆ ತುರುಕಿ, ನಾನು ಬೇಡ ಎನ್ನುವುದರೊಳಗೆ ಲಿಫ್ಟ್ ಹತ್ತಿ ಹೋದರು. ಬಾಲ್ಕನಿಯಲ್ಲಿ ಇಟ್ಟುಕೊಂಡಿದ್ದೇನೆ. ಅದನ್ನು ಮುಟ್ಟುವುದಕ್ಕೆಂದೇ ನನ್ನ ಹಳೆಯ ಕಂದು ಕೋಟನ್ನು ಎತ್ತಿಟ್ಟಿದ್ದೇನೆ. ನಾಯಿಯ ಜೊಲ್ಲು ಮೈಲಿಗೆಯಲ್ಲವೇ, ನಮಾಜಿಗೆ ಮೊದಲು ಆ ಕೋಟು ಹೊರಗೆ, ನನ್ನ ತೋಳು ಮೂರು ಸಲ ನಲ್ಲಿಯ ಕೆಳಗೆ. ಲೋದೋಸ್ ಎಂಬ ಹೆಸರನ್ನಂತೂ ಚೆನ್ನಾಗಿಯೇ ಇಟ್ಟಿದ್ದೀರಿ. ಆ ತೆಂಕಣ ಗಾಳಿ ಬೀಸಿದರೂ ನನಗೆ ತಲೆನೋವು, ಈ ನಾಯಿ ಬಂದರೂ ತಲೆನೋವು.

ಬಾಲ್ಕನಿಗೆ ಕಡಲು ಕಾಣುತ್ತದೆ. ಜನರನ್ನು ಆಚೆ ದಡಕ್ಕೆ ದಾಟಿಸುವ ದೊಡ್ಡ ದೋಣಿ ಸೀಟಿ ಹೊಡೆದರೆ ಸಾಕು, ನಾಯಿ ಕತ್ತೆತ್ತಿ ಊಳಿಡುತ್ತದೆ. ಉಸ್ಕುದಾರಿನಿಂದ ದಿನಕ್ಕೆ ಎಷ್ಟು ದೋಣಿ ಹೊರಡುತ್ತವೆ ಎನ್ನುವುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಮೂವತ್ತೊಂದು ವರ್ಷ ಅವುಗಳ ಹಗ್ಗವನ್ನು ಕಟ್ಟೆಗೆ ಎಸೆದವರು ನೀವು. ನಾಲ್ಕನೇ ಮಹಡಿಯ ಮುಅಲ್ಲಾ ಹಾನಂ ದೂರು ಕೊಟ್ಟಿದ್ದಾರೆ. ಕಟ್ಟಡದ ವ್ಯವಸ್ಥಾಪಕ ನೆಜಾತಿ ಬೇ ಬಂದು ಮಾರ್ಚ್ ಕೊನೆಯವರೆಗೆ ಗಡುವು ಕೊಟ್ಟು ಹೋದರು. ಅಷ್ಟರಲ್ಲಿ ಊಳು ನಿಲ್ಲಬೇಕು, ಇಲ್ಲವೇ ನಾಯಿ ಹೋಗಬೇಕು. ಮೀನಂಗಡಿಯವನ ಬೀಗರಿಗೆ ಶಿಲೆ ಎಂಬ ಊರಿನಲ್ಲಿ ಅಕ್ರೋಟಿನ ತೋಟವಿದೆಯಂತೆ. ಕಾವಲಿಗೆ ಸರಪಳಿ ಹಾಕಿ ಕಟ್ಟಿಕೊಳ್ಳುತ್ತಾರಂತೆ.

ಪಶುವೈದ್ಯೆ ಹೇಳಿದ್ದು ಬೇರೆ. ಕಾಯಿಲೆಯೇನೂ ಇಲ್ಲ, ಓಡಾಟವಿಲ್ಲ ಅಷ್ಟೆ, ದಿನಕ್ಕೆ ಒಂದು ಗಂಟೆ ಹಗ್ಗ ಬಿಚ್ಚಿ ಓಡಲು ಬಿಟ್ಟರೆ ಸುಸ್ತಾಗಿ ಮಲಗುತ್ತದೆ ಎಂದಳು. ಈ ಊರಿನಲ್ಲಿ ನಾಯಿಯನ್ನು ಎಲ್ಲಿ ಬಿಚ್ಚುತ್ತಾರೆ? ನೀವು ಎಲ್ಲಿ ಬಿಚ್ಚುತ್ತಿದ್ದಿರಿ? ಅದನ್ನು ತಿಳಿಸಿ.

ಅಮ್ಮ ತೀರಿಹೋದ ನಲವತ್ತನೇ ದಿನದ ಪ್ರಾರ್ಥನೆಗೆ ನೀವು ಬರದೆ, ನಾಯಿಗೆ ಹುಷಾರಿಲ್ಲ ಎಂದು ಹೇಳಿಕಳಿಸಿದ್ದನ್ನು ನಾನು ಮರೆತಿಲ್ಲ. ಒಂಬತ್ತು ವರ್ಷದ ಹಿಂದೆ ಅವತ್ತು ಕುರಾನಿನ ಮೇಲೆ ಕೈಯಿಟ್ಟು ಮಾಡಿದ ಆಣೆ ಹಾಗೆಯೇ ಇದೆ. ಈ ಕಾಗದ ನಾಯಿಗಾಗಿ.

ಸಾದೆತ್

*

ಬುರ್ಸಾ
೧೬ ಫೆಬ್ರವರಿ

ನನ್ನ ಸಾದೆತ್,

ಲಕೋಟೆಯ ಮೇಲೆ ನಿನ್ನ ಅಕ್ಷರ ನೋಡಿ ಎದ್ದು ನಿಲ್ಲಲು ಹೋದೆ. ನರ್ಸ್ ಬೈದಳು. ಆ ಬೈಗುಳವೂ ಇಂದು ಸಿಹಿಯಾಗಿತ್ತು. ಇಲ್ಲಿ ಬೆಳಗಾದರೆ ಬಿಸಿನೀರಿನ ತೊಟ್ಟಿ, ಆಮೇಲೆ ಎರಡು ಕಂಬಿಗಳ ನಡುವೆ ನಿಲ್ಲುವ ಅಭ್ಯಾಸ. ನಿನ್ನೆ ನಾಲ್ಕು ಹೆಜ್ಜೆ ಹಾಕಿದೆ.

ಲೋದೋಸ್ ಹುಟ್ಟಿದ್ದೇ ದೋಣಿಕಟ್ಟೆಯಲ್ಲಿ. ಸೀಟಿ ಕೇಳಿದರೆ ಯಾರೋ ತನ್ನನ್ನು ಕರೆದರು ಎಂದುಕೊಳ್ಳುತ್ತಾನೆ. ನಾನು ಅವನನ್ನು ಮೋದಾ ಬಡಾವಣೆಯ ಕಡಲಂಚಿನ ಬಂಡೆಗಳ ಮೇಲೆ, ಜನ ಬರುವ ಮೊದಲೇ ಬಿಚ್ಚಿಬಿಡುತ್ತಿದ್ದೆ. ಅದು ತಪ್ಪು. ಬೇಲಿ ಹಾಕಿದ ನಾಯಿ ಪಾರ್ಕುಗಳು ಈಗ ಪ್ರತಿಯೊಂದು ಬಡಾವಣೆಯಲ್ಲೂ ಇವೆ ಎಂದು ಕೇಳಿದ್ದೇನೆ, ನೋಡಲು ಹೋದವನಲ್ಲ. ನಾನು ಸೋಮಾರಿ ಎನ್ನುವುದು ನಿನಗೆ ಗೊತ್ತು. ಬೇಲಿ ನಿನ್ನ ಎದೆ ಮಟ್ಟಕ್ಕಾದರೂ ಇರಲಿ. ಕೋಳಿ ಮೂಳೆ ಬಿದ್ದಿದೆಯೇ ಎಂದು ಮೊದಲು ನೆಲ ನೋಡು.

ಸಾದೆತ್, ಅವನನ್ನು ಸರಪಳಿಗೆ ಕೊಡಬೇಡ. ನನಗೆ ಬೇರೆ ಯಾರೂ ಇಲ್ಲ ಎನ್ನುವುದನ್ನು ಕಾಗದದಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆದಿದ್ದೇನೆ.

ನಿನ್ನ ಕಣ್ಣುಗಳಿಗೆ ಮುತ್ತಿಡುವ ಅಣ್ಣ,
ರಿಫ್ಕಿ

*

ಉಸ್ಕುದಾರ್
೨ ಮಾರ್ಚ್

ರಿಫ್ಕಿ ಬೇ,

ಮೂರು ಕಡೆ ನೋಡಿದ್ದಾಯಿತು. ವರದಿ ಕೊಡುತ್ತೇನೆ, ಓದಿ ನಗಬೇಡಿ.

ಮೊದಲನೆಯದು ನಮ್ಮ ಮನೆಯ ಕೆಳಗಿನ ಕಡಲಂಚಿನ ಹುಲ್ಲು. ಬೇಲಿಯಿಲ್ಲ. ಜನವೂ ಇರಲಿಲ್ಲವಲ್ಲ ಎಂದು ಬಿಚ್ಚಿದೆ. ಹತ್ತು ನಿಮಿಷ ಚೆನ್ನಾಗಿಯೇ ಓಡಿತು. ಅಷ್ಟರಲ್ಲಿ ಬೆಶಿಕ್ತಾಶ್ ದೋಣಿ ಸೀಟಿ ಹೊಡೆಯಿತು. ನಿಮ್ಮ ನಾಯಿ ನೇರ ಕಟ್ಟೆಗೆ ಓಡಿ, ಟಿಕೆಟಿನ ಗೇಟಿನ ಕೆಳಗೆ ನುಸುಳಿ, ದೋಣಿ ಹತ್ತಿಯೇ ಬಿಟ್ಟಿತು. ನಾನು ಕಂದು ಕೋಟಿನಲ್ಲಿ, ಕೈಯಲ್ಲಿ ಖಾಲಿ ಹಗ್ಗ ಹಿಡಿದು, ದಡದಲ್ಲಿ ನಿಂತಿದ್ದೆ. ಅದು ಮೇಲಿನ ಅಟ್ಟದಿಂದ ನನ್ನನ್ನೇ ನೋಡುತ್ತಿತ್ತು. ಅರ್ಧ ಗಂಟೆಯ ಮೇಲೆ ಮರಳಿ ಬಂದ ದೋಣಿಯಲ್ಲಿ ಹಗ್ಗ ಎಸೆಯುವವನೊಬ್ಬ ಅದರ ಕುತ್ತಿಗೆ ಹಿಡಿದುಕೊಂಡು ಇಳಿದ. ಇದು ರಿಫ್ಕಿ ಉಸ್ತಾದರ ನಾಯಿ ಅಲ್ಲವೇ, ಅವರು ಹೇಗಿದ್ದಾರೆ ಎಂದು ಕೇಳಿದ. ಎಳ್ಳು ಹಚ್ಚಿದ ಸಿಮಿತ್ ರೊಟ್ಟಿ ತಿನ್ನುವವರ ಪಕ್ಕದಲ್ಲಿ ಕೂತು ಹೋಗುವಾಗೊಂದು ಬರುವಾಗೊಂದು ತಿಂದಿದೆಯಂತೆ. ನಿಮ್ಮ ಸೊಂಟದ ವಿಷಯ ತಿಳಿಸಿದೆ. ಗುಣವಾಗಲಿ ಎಂದು ಹೇಳಿಕಳಿಸಿದ್ದಾನೆ.

ಎರಡನೆಯದು ಬೇಲಿಯಿರುವ ಪಾರ್ಕೇ. ಆದರೆ ಕೋಳಿಗೂಡಿನಷ್ಟಿದೆ. ಒಳಗೆ ಸ್ವೆಟರ್ ಹಾಕಿಕೊಂಡ ಮೂರು ಚಿಕ್ಕ ನಾಯಿಗಳಿದ್ದವು. ಲೋದೋಸ್ ಒಂದು ಸುತ್ತು ಹಾಕುವಷ್ಟರಲ್ಲಿ ಪಾರ್ಕು ಮುಗಿಯಿತು. ಬೇಲಿ ನನ್ನ ಸೊಂಟದವರೆಗೆ. ಒಂದೇ ನೆಗೆತಕ್ಕೆ ದಾಟಿ, ಆಚೆ ಚಾಪೆ ಹಾಸಿ ಕೂತಿದ್ದ ಒಂದು ಸಂಸಾರದ ಮಾಂಸದ ಉಂಡೆಗಳನ್ನು ಮುಗಿಸಿತು. ಅವರು ಒಳ್ಳೆಯವರು. ನನಗೇ ಚಹಾ ಕೊಟ್ಟು ಸಮಾಧಾನ ಮಾಡಿದರು.

ಮೂರನೆಯದು ಗುಡ್ಡದ ಮೇಲಿನ ತೋಪು. ಅಲ್ಲಿ ಬೀದಿನಾಯಿಗಳದ್ದೇ ರಾಜ್ಯ. ಕಿವಿಗೆ ಬಿಲ್ಲೆ ಹಾಕಿದ ದೊಡ್ಡದೊಂದಕ್ಕೆ ಚಹಾದವನು ಮುಖ್ತಾರ್ ಎಂದು ಹೆಸರಿಟ್ಟಿದ್ದಾನೆ. ಬಡಾವಣೆಯ ಮುಖ್ಯಸ್ಥನೇ ಅದು. ಮೂರು ದಿನ ಹಗ್ಗದಲ್ಲೇ ತಂದು ಅದಕ್ಕೆ ಮೂಸಲು ಬಿಡಬೇಕಂತೆ, ಆಮೇಲೆ ಬಿಚ್ಚಬೇಕಂತೆ. ನನಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಮನೆಯಲ್ಲಿ ಕಸಕ್ಕೆ ಹಾಕಬಾರದೆಂದು ಚೀಲದಲ್ಲಿ ಕೂಡಿಟ್ಟಿದ್ದ ಒಣ ರೊಟ್ಟಿ ಇತ್ತು. ಅದನ್ನು ಮುಖ್ತಾರನಿಗೂ ಅವನ ಮಂದಿಗೂ ಹಂಚಿ ರಾಜಿ ಮಾಡಿಕೊಂಡೆ. ಆದರೆ ಬೇಲಿಯಿಲ್ಲ, ದೋಣಿಯ ಸೀಟಿ ಅಲ್ಲಿಗೂ ಕೇಳುತ್ತದೆ, ಹಗ್ಗ ಬಿಚ್ಚುವ ಧೈರ್ಯ ಬರಲಿಲ್ಲ. ಈಗ ಹನ್ನೊಂದು ನಾಯಿಗಳು ದಿನಾ ಬೆಳಿಗ್ಗೆ ನಮ್ಮ ಕಟ್ಟಡದ ಬಾಗಿಲಲ್ಲಿ ನನಗಾಗಿ ಕಾಯುತ್ತವೆ. ನೆಜಾತಿ ಬೇ ಹೊರಗೆ ಬರಲು ನನ್ನನ್ನು ಕರೆಯುತ್ತಾರೆ.

ಒಂದು ವಿಷಯ ಮಾತ್ರ ಅರ್ಥವಾಗಿದೆ. ಬೇಲಿ ಎತ್ತರವಿದ್ದರೆ ಸಾಲದು, ದೋಣಿಯ ಸೀಟಿ ಕೇಳದಷ್ಟು ದೂರದಲ್ಲಿರಬೇಕು. ಈ ಊರಿನಲ್ಲಿ ಅಂಥ ಜಾಗ ಎಲ್ಲಿದೆಯೋ ದೇವರೇ ಬಲ್ಲ.

ಸಾದೆತ್

*

ಬುರ್ಸಾ
೮ ಮಾರ್ಚ್

ನನ್ನ ಸಾದೆತ್,

ನಕ್ಕೆ. ಕ್ಷಮಿಸು. ವಾರ್ಡಿನವರಿಗೆಲ್ಲ ಓದಿ ಹೇಳಿದೆ, ಅವರೂ ನಕ್ಕರು. ಕಿಟಕಿ ಪಕ್ಕದ ಮುದುಕನಂತೂ ಎರಡು ತಿಂಗಳಿಂದ ಯಾರ ಜೊತೆಗೂ ಮಾತಾಡಿರಲಿಲ್ಲವಂತೆ. ಇವತ್ತು ನನ್ನನ್ನು ಕರೆದು, “ಆ ಹೆಂಗಸಿನ ಮುಂದಿನ ಕಾಗದ ಯಾವಾಗ ಬರತ್ತೆ?” ಎಂದ. ಈಗ ಎಲ್ಲರೂ ಕಾಯುತ್ತಿದ್ದಾರೆ.

ಕಡಲಿಗೆ ಬೆನ್ನು ಹಾಕಿ ನಡೆ. ಹೆದ್ದಾರಿಯ ಆಚೆ, ಹೊಸ ಕಟ್ಟಡಗಳ ಕಡೆ ಕೇಳಿ ನೋಡು. ಅಲ್ಲಿ ಗುಂಡಿಗಳೂ ಕಣಿವೆಗಳೂ ಬಹಳ. ಗಡುವಿಗೆ ಇಪ್ಪತ್ತಮೂರು ದಿನ ಉಳಿದಿದೆ. ನಾನು ಎಣಿಸುತ್ತಿದ್ದೇನೆ.

ಕಂಬಿ ಬಿಟ್ಟು, ನಡೆಯುವ ಚೌಕಟ್ಟು ಹಿಡಿದು, ಬಾಗಿಲವರೆಗೆ ಹೋಗಿಬಂದೆ.

ನಿನ್ನ ಕಣ್ಣುಗಳಿಗೆ ಮುತ್ತು,
ರಿಫ್ಕಿ

*

ಉಸ್ಕುದಾರ್
೧೯ ಮಾರ್ಚ್

ಅಣ್ಣಾ,

ಸಿಕ್ಕಿತು.

ಹೆದ್ದಾರಿಯ ಆಚೆ, ಎರಡು ಮೇಲ್ಸೇತುವೆಗಳ ನಡುವಿನ ತಗ್ಗಿನಲ್ಲಿದೆ. ಮಿನಿಬಸ್ಸಿನವರು ಯಾರೂ ಹತ್ತಿಸಿಕೊಳ್ಳಲಿಲ್ಲ, ನಲವತ್ತು ನಿಮಿಷ ಏರು ಹತ್ತಿ ನಡೆದೆ. ನಾಯಿ ಎಳೆಯಿತು, ನಾನು ಹಿಂದೆ ಹೋದೆ. ಒಂದು ಬಗೆಯಲ್ಲಿ ಅದೇ ನನ್ನ ಮಿನಿಬಸ್ಸು. ಬೇಲಿ ನನ್ನ ತಲೆಗಿಂತ ಎತ್ತರ. ಗೇಟು ಎರಡು, ಒಂದರೊಳಗೊಂದು. ನೆಲಕ್ಕೆ ಮರಳು ಹಾಕಿದ್ದಾರೆ, ಕೆಸರಿಲ್ಲ. ಮೂಲೆಯಲ್ಲಿ ನಲ್ಲಿ, ಅದರ ಕೆಳಗೆ ಕಲ್ಲಿನ ಬಾನಿ. ಚಿಕ್ಕ ನಾಯಿಗಳಿಗೆ ಬೇರೆಯೇ ಅಂಗಳ. ಎರಡು ಹಿಪ್ಪುನೇರಳೆ ಮರಗಳ ನೆರಳಲ್ಲಿ ಬೆಂಚು. ಕಿವಿಗೊಟ್ಟು ಕೇಳಿದೆ. ಲಾರಿಗಳ ಸದ್ದು ಬಿಟ್ಟು ಬೇರೇನೂ ಇಲ್ಲ.

ಹಗ್ಗ ಬಿಚ್ಚಿದೆ. ಅಣ್ಣಾ, ಅವನು ಓಡಿದ್ದನ್ನು ಹೇಗೆ ಬರೆಯಲಿ? ನಾಲ್ಕು ಕಾಲೂ ನೆಲದ ಮೇಲಿರಲಿಲ್ಲ. ಬೇಲಿಯುದ್ದಕ್ಕೂ ಓಡಿ, ತಿರುಗಿ, ನನ್ನ ಪಕ್ಕದಲ್ಲೇ ಗಾಳಿ ಎಬ್ಬಿಸಿಕೊಂಡು ಹೋಗಿ, ಮತ್ತೆ ಬಂದ. ಒಬ್ಬಳೇ ನಿಂತು ಜೋರಾಗಿ ನಕ್ಕುಬಿಟ್ಟೆ. ನನ್ನ ಗಂಡ ತೀರಿಹೋದ ಮೇಲೆ ನಾನು ಬೀದಿಯಲ್ಲಿ ನಕ್ಕಿದ್ದು ನೆನಪಿಲ್ಲ.

ಅಲ್ಲಿಯ ಜನ ವಿಚಿತ್ರ. ಯಾರಿಗೂ ಯಾರ ಹೆಸರೂ ಗೊತ್ತಿಲ್ಲ. ದಾಲ್ಚಿನ್ನಿ ಎಂಬ ಕಂದು ನಾಯಿಯನ್ನು ತರುವವರು ಶಾಲೆಯಿಂದ ನಿವೃತ್ತರಾದ ಮೇಷ್ಟ್ರು. ಅವರನ್ನು ಎಲ್ಲರೂ ದಾಲ್ಚಿನ್ನಿಯ ಅಪ್ಪ ಎನ್ನುತ್ತಾರೆ. ಅವರು ಬಂದು ನನ್ನನ್ನು ವಿಚಾರಿಸಿದರು.

“ನೀವು ಇವನ ಅಮ್ಮನಾ?”

ನನಗೆ ಸಿಟ್ಟು ಬಂತು. ಹಜ್ಜಿಗೆ ಹೋಗಬೇಕೆಂದು ದುಡ್ಡು ಕಟ್ಟಿ ಸರದಿ ಕಾಯುತ್ತಿರುವ ಹೆಂಗಸು ನಾನು.

“ನಾನ್ಯಾಕೆ ಅಮ್ಮ ಆಗ್ಲಿ ಮೇಷ್ಟ್ರೇ? ನಾನು ಇವನ ಸೋದರತ್ತೆ.”

“ಓಹೋ. ಹಾಗಾದ್ರೆ ಇವನಪ್ಪ?”

“ನಮ್ಮಣ್ಣ. ಬುರ್ಸಾದಲ್ಲಿದಾನೆ. ಬರ್ತಾನೆ.”

ಬಾಯಿಗೆ ಬಂದದ್ದು ಬಂದುಬಿಟ್ಟಿತು. ನನಗೊಬ್ಬ ಅಣ್ಣನಿದ್ದಾನೆ ಎಂದು ಒಂಬತ್ತು ವರ್ಷಗಳಲ್ಲಿ ಹೊರಗಿನ ಯಾರ ಮುಂದೆಯೂ ನಾನು ಹೇಳಿರಲಿಲ್ಲ. ಈಗ ಆ ಪಾರ್ಕಿನಲ್ಲಿ ನನ್ನ ಹೆಸರು ಲೋದೋಸನ ಸೋದರತ್ತೆ. ಹಾಗೆಂದೇ ಕೂಗಿ ಕರೆಯುತ್ತಾರೆ, ಚಹಾ ಕೊಡುತ್ತಾರೆ. ಮನೆಗೆ ಬಂದ ಲೋದೋಸ್ ಕಾಲು ಚಾಚಿ ಮಲಗಿದ. ಸಂಜೆಯ ಮೂರು ದೋಣಿಗಳಿಗೆ ಉತ್ತರವಿಲ್ಲ, ನಾಲ್ಕನೆಯದಕ್ಕೆ ಮಲಗಿದಲ್ಲೇ ಒಂದು ಸಣ್ಣ ಗೊಣಗು.

ಗಡುವಿಗೆ ಇನ್ನೂ ಹನ್ನೆರಡು ದಿನ ಇದೆ. ನೋಡೋಣ.

ಸಾದೆತ್

*

ಬುರ್ಸಾ
೨೬ ಮಾರ್ಚ್

ನನ್ನ ಮುದ್ದಿನ ಸಾದೆತ್,

ನೀನು ಅಣ್ಣಾ ಎಂದು ಬರೆದಿದ್ದೀಯ. ಈ ಸಲದ ಕಾಗದವನ್ನು ವಾರ್ಡಿನವರಿಗೆ ಪೂರ್ತಿ ಓದಲಿಲ್ಲ. ಆ ಮೊದಲ ಸಾಲನ್ನು ನನಗೇ ಇಟ್ಟುಕೊಂಡೆ.

ನಿನಗೆ ಒಂದು ಮಾತು ಹೇಳಬೇಕಿತ್ತು. ಒಂಬತ್ತು ವರ್ಷದ ಹಿಂದೆಯೇ ಹೇಳಬೇಕಿತ್ತು. ಅಮ್ಮನ ನಲವತ್ತನೇ ದಿನ ಸತ್ತದ್ದು ಜ಼ೈತಿನ್, ನನ್ನ ಹಿಂದಿನ ಕರಿ ನಾಯಿ. ಅಮ್ಮ ನನ್ನ ಮನೆಯಲ್ಲಿದ್ದ ಆ ಕೊನೆಯ ಚಳಿಗಾಲವಿಡೀ ಅದು ಅಮ್ಮನ ಮಂಚದ ಕೆಳಗೇ ಮಲಗುತ್ತಿತ್ತು. ಅಮ್ಮ ನಿನಗೆ ಗೊತ್ತಾಗದ ಹಾಗೆ ತನ್ನ ತಟ್ಟೆಯಿಂದಲೇ ಅದಕ್ಕೆ ತಿನ್ನಿಸುತ್ತಿದ್ದಳು. ಅವಳಿಗೆ ಹೇಳಬೇಡ, ಸಾದೆತ್ ಪಾತ್ರೆಗಳನ್ನೆಲ್ಲ ಏಳು ಸಲ ತೊಳೆಸುತ್ತಾಳೆ ಎಂದು ನಗುತ್ತಿದ್ದಳು. ಅಮ್ಮ ಹೋದ ಮೇಲೆ ಅದು ಅನ್ನ ಬಿಟ್ಟಿತು. ನಲವತ್ತು ದಿನ ಬದುಕಿತು. ಅದನ್ನು ಒಂಟಿಯಾಗಿ ಸಾಯಲು ಬಿಟ್ಟು ಬರಲು ನನ್ನಿಂದ ಆಗಲಿಲ್ಲ. ನಿನಗೆ ಇದನ್ನೆಲ್ಲ ವಿವರಿಸಿ ಹೇಳುವ ಬದಲು ನಾಯಿಗೆ ಹುಷಾರಿಲ್ಲ ಎಂದು ಒಂದು ಸಾಲು ಹೇಳಿಕಳಿಸಿದೆ. ತಪ್ಪು ನನ್ನದು. ನಿನ್ನ ಸಿಟ್ಟೂ ಸರಿಯೇ.

ನಿನ್ನ ಅಣ್ಣ,
ರಿಫ್ಕಿ

*

ಉಸ್ಕುದಾರ್
೧೬ ಏಪ್ರಿಲ್

ಅಣ್ಣಾ,

ಉತ್ತರ ತಡವಾಯಿತು. ಲೋದೋಸ್ ಚೆನ್ನಾಗಿದ್ದಾನೆ.

ಮಾರ್ಚ್ ಮೂವತ್ತೊಂದಕ್ಕೆ ನೆಜಾತಿ ಬೇ ಬಂದರು. ಬಾಗಿಲಲ್ಲಿ ನಿಂತು ಕಾಲು ಗಂಟೆ ಕೇಳಿಸಿಕೊಂಡರು. ಎರಡು ದೋಣಿ ಹೋದವು. ಲೋದೋಸನ ಗೊರಕೆಯೊಂದೇ ಕೇಳಿಸಿತು. ಸರಿ ಹಾಗಾದರೆ ಎಂದು ಹೋದರು. ಅವರ ಹಿಂದೆಯೇ ಮುಅಲ್ಲಾ ಹಾನಂ ಬಂದರು, ಮುಖ ಊದಿಸಿಕೊಂಡು. ಆರು ಗಂಟೆಯ ದೋಣಿಗೆ ಅವನು ಊಳಿಟ್ಟಾಗಲೇ ಅವರು ಚಹಾಕ್ಕೆ ನೀರಿಡುತ್ತಿದ್ದರಂತೆ. ಈಗ ದಿನಾ ಹೊತ್ತು ತಪ್ಪುತ್ತಿದೆಯಂತೆ. “ಒಂದೇ ಒಂದಕ್ಕಾದ್ರೂ ಉತ್ತರ ಕೊಡ್ಲಿ ಬಿಡ್ರೀ,” ಎಂದರು. ಈ ಮನುಷ್ಯರನ್ನು ಮೆಚ್ಚಿಸಲು ಯಾರಿಂದಲೂ ಆಗದು. ಶಿಲೆಯ ತೋಟದವರಿಗೆ ಬೇರೆ ನಾಯಿ ನೋಡಿಕೊಳ್ಳಿ ಎಂದು ಹೇಳಿಬಿಟ್ಟೆ.

ಅವನು ಈಗ ಒಳಗೆ ಮಲಗುತ್ತಾನೆ. ಹಜಾರದವರೆಗೆ ಮಾತ್ರ. ನಮಾಜಿನ ಕೋಣೆಯ ಹೊಸ್ತಿಲಲ್ಲಿ ನಿಲ್ಲುತ್ತಾನೆ, ದಾಟುವುದಿಲ್ಲ. ನಾನು ಹೇಳಿಕೊಟ್ಟದ್ದಲ್ಲ.

ಜ಼ೈತಿನ್ ವಿಷಯ ಓದಿದ ದಿನ ಪಾರ್ಕಿಗೆ ಹೋಗಿ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದೆ. ಪಾತ್ರೆ ತೊಳೆಸುತ್ತಿದ್ದದ್ದು ನಿಜ. ಅಮ್ಮ ನನಗೆ ಹೆದರಿ ನಾಯಿಗೆ ಕದ್ದು ತಿನ್ನಿಸುತ್ತಿದ್ದಳು ಎಂದು ತಿಳಿದು ಅಳು ಬಂತು, ಆಮೇಲೆ ನಗು ಬಂತು. ಇದಕ್ಕಿಂತ ಹೆಚ್ಚು ಬರೆಯಲಾರೆ.

ನಿನ್ನ ತಂಗಿ,
ಸಾದೆತ್

*

ಬುರ್ಸಾ
೨೯ ಏಪ್ರಿಲ್

ನನ್ನ ಸಾದೆತ್,

ಮೇ ಹನ್ನೊಂದಕ್ಕೆ ಬಿಡುಗಡೆ. ಚೌಕಟ್ಟು ಹಿಡಿದು ನಡೆಯಬಹುದು. ಬೀಳಬಾರದು, ಇನ್ನೊಮ್ಮೆ ಬಿದ್ದರೆ ಜೋಡಿಸಲು ಮೂಳೆಯೇ ಇರುವುದಿಲ್ಲ ಎಂದು ವೈದ್ಯರು ಹೆದರಿಸಿದ್ದಾರೆ. ನಾನು ಮನೆಗೆ ಹೋಗುವುದಿಲ್ಲ, ಬಸ್ಸಿಳಿದು ಟ್ಯಾಕ್ಸಿ ಹಿಡಿದು ನೇರ ನಿನ್ನ ಪಾರ್ಕಿಗೆ ಬರುತ್ತೇನೆ, ಹತ್ತು ಗಂಟೆಯ ಹೊತ್ತಿಗೆ. ಅವನು ಓಡುವುದನ್ನು ನೋಡಬೇಕು. ನಿನ್ನನ್ನೂ ನೋಡಬೇಕು.

ಆಣೆ ಹಾಗೇ ಇರಲಿ. ನಿನ್ನನ್ನು ಪಾಪಕ್ಕೆ ದೂಡಲಾರೆ. ನಾನು ಮಾತಾಡುತ್ತೇನೆ, ನೀನು ತಲೆಯಾಡಿಸು. ತಲೆಯಾಡಿಸಿದರೆ ಮಾತಾಡಿದಂತಾಗುತ್ತದೆಯೇ ಎಂದು ಇಮಾಮರನ್ನು ಕೇಳಿಡು. ಅದೂ ಕೂಡದು ಎಂದರೆ ಇಬ್ಬರೂ ನಾಯಿಯನ್ನು ನೋಡುತ್ತ ಕೂರೋಣ, ನನಗೆ ಅಷ್ಟೇ ಸಾಕು. ಕಿಟಕಿ ಪಕ್ಕದ ಮುದುಕನಿಗೆ ಮಾತ್ರ ಏನಾಯಿತೆಂದು ಬರೆದು ತಿಳಿಸಬೇಕಂತೆ.

ನಿನ್ನ ಕಣ್ಣುಗಳಿಗೆ ಮುತ್ತು,
ರಿಫ್ಕಿ

*

ಉಸ್ಕುದಾರ್
೧೨ ಮೇ

ಅಣ್ಣಾ,

ನಿನ್ನೆ ನಾನು ಹಾಗೆ ಕೂಗಿ, ತಕ್ಷಣ ಬಾಯಿಗೆ ಕೈ ಅಡ್ಡ ಹಿಡಿದು, ನಿನ್ನನ್ನೂ ನಾಯಿಯನ್ನೂ ಅಲ್ಲೇ ಬಿಟ್ಟು ಓಡಿಹೋದೆನಲ್ಲ. ಸಿಟ್ಟಿನಿಂದ ಎಂದುಕೊಂಡೆಯೇನೋ. ಅಲ್ಲ. ಹೆದರಿಕೆಯಾಗಿತ್ತು.

ನಿನ್ನ ಕಣ್ಣು ಲೋದೋಸನ ಮೇಲೇ ಇತ್ತು, ಪೂರ್ತಿ ನೋಡಲಿಲ್ಲ ನೀನು. ನಾನು ಹೇಳುತ್ತೇನೆ ಕೇಳು. ನೀನು ಒಳಗಿನ ಗೇಟು ದಾಟಿ ಬೆಂಚಿನ ಮುಂದೆ ಬಂದು ನಿಂತಾಗ ಲೋದೋಸ್ ಆಚೆ ತುದಿಯ ನಲ್ಲಿಯ ಹತ್ತಿರವಿದ್ದ. ತಲೆ ಎತ್ತಿದ. ನಿನ್ನನ್ನು ಕಂಡ. ಮೂವತ್ತೆರಡು ಕಿಲೋ ನಾಯಿ, ಮೂರು ತಿಂಗಳ ಮೇಲೆ, ಅಷ್ಟು ದೂರದಿಂದ. ನೀನಾದರೂ ಬುದ್ಧಿವಂತನೇ? ಚೌಕಟ್ಟನ್ನು ಬಿಟ್ಟು ಎರಡೂ ತೋಳು ಚಾಚಿ ನಿಂತುಬಿಟ್ಟೆ. ಆ ಕ್ಷಣ ನನ್ನ ಕಣ್ಣಿಗೆ ನಿನ್ನ ಸೊಂಟವೊಂದೇ ಕಾಣುತ್ತಿತ್ತು. ಆಣೆ ನೆನಪಿಗೇ ಬರಲಿಲ್ಲ.

“ಅಣ್ಣಾ, ಕೂತ್ಕೋ!”

ನಿನಗೆ ಬರೆದಿರಲಿಲ್ಲ, ಒಂದು ತಿಂಗಳಿಂದ ನಾನು ಕೋಟಿನ ಜೇಬಿನಲ್ಲಿ ಬೇಯಿಸಿದ ಕುರಿ ಈಲಿಯ ತುಂಡು ಇಟ್ಟುಕೊಂಡು ಆ ಪಾರ್ಕಿನ ನಾಯಿಗಳಿಗೆಲ್ಲ ಇದೊಂದು ಮಾತು ಕಲಿಸಿದ್ದೇನೆ. ದಾಲ್ಚಿನ್ನಿ ಕೂತಿತು. ಅದರ ಹಿಂದೆ ಇನ್ನೂ ನಾಲ್ಕು ಕೂತವು. ಓಡಿಬರುತ್ತಿದ್ದ ಲೋದೋಸ್ ಕೂತುಕೊಂಡೇ ಮರಳಿನ ಮೇಲೆ ಜಾರಿಕೊಂಡು ಬಂದು ನಿನ್ನ ಮೊಣಕಾಲಿಗೆ ಒಂದು ಗೇಣು ಇರುವಾಗ ನಿಂತ. ಪಾಪ ಮೇಷ್ಟ್ರೂ ಕೂತರು. ಎಲ್ಲರಿಗಿಂತ ಕೊನೆಗೆ ನೀನು ಬೆಂಚಿನ ಮೇಲೆ ಕೂತೆ. ಹುಟ್ಟಿದಾಗಿನಿಂದ ನೀನು ನನ್ನ ಮಾತು ಕೇಳಿದ್ದು ಅದೇ ಮೊದಲು.

ಕಂದು ಕೋಟಿನಲ್ಲೇ ನೇರ ಮಸೀದಿಗೆ ಹೋಗಿ ಹೊರಗೆ ನಿಂತು ಇಮಾಮರನ್ನು ಕರೆಸಿದೆ. ಒಂದೇ ಒಂದು ಮಾತಾಡಿದ್ದು, ಅದೂ ಅರ್ಧ ನಾಯಿಗೆ ಸೇರಿದ್ದು, ಆಣೆ ಮುರಿಯಿತೇ ಎಂದು ಕೇಳಿದೆ. ಮುರಿಯಿತು ಎಂದರು. ಇದಕ್ಕೆ ಪರಿಹಾರವೇನು ಎಂದೆ. ಹತ್ತು ಜನ ಬಡವರಿಗೆ ಎರಡು ಹೊತ್ತು ಹೊಟ್ಟೆ ತುಂಬ ಊಟ ಹಾಕಬೇಕಂತೆ. ಅಷ್ಟೇನೇ ಎಂದೆ. ಅಷ್ಟೇ ಎಂದರು. ಎಷ್ಟು ವರ್ಷದಿಂದ ಮಾತಿಲ್ಲ ಎಂದು ಅವರು ಕೇಳಿದರು, ನಾನು ಹೇಳಿದೆ. ಅವರು ಮತ್ತೆ ಕೇಳಿದರು.

“ಹತ್ತು ಜನಕ್ಕೆ ಊಟ ಹಾಕೋಕೆ ಒಂಬತ್ತು ವರ್ಷ ಯೋಚ್ನೆ ಮಾಡಿದ್ಯೇನಮ್ಮ?”

ಅಣ್ಣಾ, ಮೊದಲೇ ಕೇಳಬೇಕಿತ್ತು. ಕೇಳಲು ನನಗೆ ಮನಸ್ಸಿರಲಿಲ್ಲ, ಅದೇ ನಿಜ.

ಗುರುವಾರ ಅಡುಗೆ. ಬೆಳಿಗ್ಗೆ ಮಸೂರ ಬೇಳೆ ಸಾರು, ರೊಟ್ಟಿ. ಸಂಜೆ ಕಡಲೆ ಹಾಕಿದ ಅನ್ನ, ಕುರಿ ಮಾಂಸ. ಇಮಾಮರೇ ಹತ್ತು ಜನರನ್ನು ಕಳಿಸುತ್ತಾರೆ. ಈ ಕಾಗದವನ್ನು ಅಂಚೆಗೆ ಹಾಕಿದರೆ ಗುರುವಾರ ದಾಟಿಬಿಡುತ್ತದೆ. ನಿನ್ನೆ ನಿನ್ನನ್ನೂ ಲೋದೋಸನನ್ನೂ ಮನೆ ತಲುಪಿಸಿದ ಮೇಷ್ಟ್ರ ಕೈಯಲ್ಲೇ ಕಳಿಸುತ್ತಿದ್ದೇನೆ. ಬೆಳಿಗ್ಗೆ ಏಳಕ್ಕೆಲ್ಲ ಬಾ. ಐದು ಕಿಲೋ ಈರುಳ್ಳಿ ಇದೆ, ಕೂತುಕೊಂಡು ಸುಲಿಯುವ ಕೆಲಸ ನಿನ್ನದು. ನಿನ್ನ ಸೊಂಟ ಗಟ್ಟಿಯಾಗುವವರೆಗೆ ಲೋದೋಸನ ಜೊತೆ ಇಲ್ಲೇ ಇರು. ಹಜಾರದಲ್ಲಿ ಇಬ್ಬರಿಗೂ ಜಾಗವಿದೆ, ನೆಜಾತಿ ಬೇ ಹತ್ತಿರ ನಾನು ಮಾತಾಡಿದ್ದೇನೆ.

ಇನ್ನು ನಾನು ಕಾಗದ ಬರೆಯುವುದಿಲ್ಲ. ಒಂಬತ್ತು ವರ್ಷದ ಬೈಗುಳ ಬಾಕಿ ಇದೆ. ಎಲ್ಲವನ್ನೂ ಬಾಯಲ್ಲೇ ಹೇಳುತ್ತೇನೆ.

ನಿನ್ನ ಕೈಗಳಿಗೆ ಮುತ್ತಿಡುವ ತಂಗಿ,
ಸಾದೆತ್